ಖಾಲಿಯಾಗಿ ಹಿಂದಿರುಗದ ತಟ್ಟೆ



ಬೇಸಿಗೆಯ ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳಿಂದ ಮಂಗಳೂರಿನತ್ತ ಒಂದಾದರೂ ಪ್ರವಾಸದ ಬಸ್ಸು ಹೊರಡುವುದು ವಾಡಿಕೆ. ನಸುಕಿನಲ್ಲಿ ಘಟ್ಟವಿಳಿದು, ಸಂತ ಅಲೋಶಿಯಸ್ ಪ್ರಾರ್ಥನಾಲಯದ ವರ್ಣಚಿತ್ರಗಳನ್ನು ಕಣ್ತುಂಬ ನೋಡಿ, ಮಧ್ಯಾಹ್ನ ಮೀನಿನ ಊಟ ಮುಗಿಸಿ, ಸಂಜೆ ಪಣಂಬೂರಿನ ಕಡಲ ತೀರದಲ್ಲಿ ಮಕ್ಕಳನ್ನು ಆಡಲು ಬಿಟ್ಟು, ಹೊರಡುವ ಮುನ್ನ ಎತ್ತರದ ಗಾಜಿನ ಲೋಟದಲ್ಲಿ ‘ಗಡ್‌ಬಡ್’ ಐಸ್‌ಕ್ರೀಂ ಸವಿದರೆ ಪ್ರವಾಸ ಸಂಪನ್ನವಾದಂತೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಕುಟುಂಬವೊಂದು ಒಂದು ದಿನ ಒಟ್ಟಾಗಿ ನಕ್ಕು ನಲಿಯುವುದು ದೇವರ ಕೊಡುಗೆಯೇ ಸರಿ. ಆದರೆ ಆ ಒಂದು ದಿನದ ಅವಸರದಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುವ ಮಂಗಳೂರು ಇನ್ನೊಂದಿದೆ. ಅದರ ಕುರಿತು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ.

ನಾನು ಘಟ್ಟದ ಮೇಲೆ ಹುಟ್ಟಿ ಬೆಳೆದವನು. ಗುರು ಅಭ್ಯರ್ಥಿಯಾಗಿ ತತ್ವಶಾಸ್ತ್ರ, ದೈವಶಾಸ್ತ್ರಗಳ ಅಧ್ಯಯನಕ್ಕಾಗಿ ಜೆಪ್ಪುವಿನ ಸಂತ ಜೋಸೆಫರ ಗುರುಮಠವನ್ನು ಸೇರಿದ ಮೇಲೆಯೇ ನಾನು ಕಡಲನ್ನು ಕಂಡದ್ದು. 1879ರಲ್ಲಿ ಸ್ಥಾಪಿತವಾದ ಆ ಗುರುಮಠದ ಗೋಡೆಗಳೊಳಗೆ ನಾನು ಕಲಿತದ್ದು ಬಹಳ. ಆದರೆ ಅದರ ಹೊರಗಿನ ಓಣಿಗಳೂ, ಅಡುಗೆಮನೆಗಳೂ, ಬಂದರಿನ ದಕ್ಕೆಯೂ ನನಗೆ ಕಲಿಸಿದ್ದು ಅದಕ್ಕಿಂತ ಕಡಿಮೆಯೇನಲ್ಲ. ಊರಿನ ಪ್ರಸಿದ್ಧ ಸ್ಥಳಗಳನ್ನು ನೋಡಿದರೆ ಅಲ್ಲಿಗೆ ಯಾರು ಯಾರು ಬಂದರೆಂಬುದು ತಿಳಿಯುತ್ತದೆ. ಬಂದವರನ್ನು ಊರು ಹೇಗೆ ತನ್ನವರನ್ನಾಗಿ ಮಾಡಿಕೊಂಡಿತೆಂಬುದನ್ನು ತಿಳಿಯಬೇಕಾದರೆ ಅಲ್ಲಿಯ ಊಟದ ಎಲೆಯನ್ನು ನೋಡಬೇಕು. ಇದು ನಾನು ಮಂಗಳೂರಿನಿಂದ ಕಲಿತ ಪಾಠ.

ನೀರು ಕೊಟ್ಟವನ ಹೆಸರು

ನೇತ್ರಾವತಿ ಮತ್ತು ಗುರುಪುರ ಎಂಬ ಎರಡು ನದಿಗಳ ನಡುವೆ ಮಲಗಿರುವ ಈ ಪಟ್ಟಣಕ್ಕೆ ಒಂದೇ ಹೆಸರಿಲ್ಲ. ಬೋಳಾರದ ಮಂಗಳಾದೇವಿಯಿಂದಾಗಿ ಕನ್ನಡಿಗರಿಗೆ ಇದು ಮಂಗಳೂರು. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿ ಬಂಧುಗಳಿಗೆ ಮೈಕಾಲ. ನಾಲ್ಕು ಭಾಷೆಯವರು ನಾಲ್ಕು ಹೆಸರಿನಿಂದ ಕರೆದರೂ ‘ನಮ್ಮ ಊರು’ ಎನ್ನುವಾಗ ಎಲ್ಲರೂ ತೋರಿಸುವುದು ಒಂದೇ ನೆಲವನ್ನು.

ಊರಿನ ನಡುಮಧ್ಯದ ಹಂಪನಕಟ್ಟೆಯ ಹೆಸರಿನ ಹಿಂದೆ ಒಂದು ಸೊಗಸಾದ ಕತೆಯಿದೆ. ಹಿಂದೆ ಅಲ್ಲಿ ಅಪ್ಪಣ್ಣ ಎಂಬೊಬ್ಬರು ದಾರಿಹೋಕರಿಗೆ ಕುಡಿಯುವ ನೀರು ಕೊಡುತ್ತಿದ್ದರಂತೆ. ಅಪ್ಪಣ್ಣನ ಕಟ್ಟೆಯೇ ಕ್ರಮೇಣ ಹಂಪನಕಟ್ಟೆಯಾಯಿತೆಂದು ಹಿರಿಯರು ಹೇಳುತ್ತಾರೆ. 2021ರಲ್ಲಿ ರಸ್ತೆಯ ಕಾಮಗಾರಿ ನಡೆಯುತ್ತಿದ್ದಾಗ ಅಲ್ಲೇ ನೆಲದಡಿಯಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಯೊಂದು ಕಾಣಿಸಿಕೊಂಡಾಗ ಜನರು ಗುಂಪುಗೂಡಿ ನೋಡಿದರು. ಅರಸನ ಹೆಸರನ್ನೋ ಸೇನಾನಿಯ ಹೆಸರನ್ನೋ ಹೊತ್ತ ವೃತ್ತಗಳು ದೇಶದಲ್ಲಿ ಎಷ್ಟೋ ಇವೆ. ಬಾಯಾರಿದವರಿಗೆ ನೀರು ಕೊಟ್ಟ ಸಾಮಾನ್ಯನೊಬ್ಬನ ಹೆಸರನ್ನು ತನ್ನ ಹೃದಯಭಾಗಕ್ಕೆ ಇಟ್ಟುಕೊಂಡ ನಗರವೆಂದರೆ ನನಗೆ ವಿಶೇಷವಾದ ಗೌರವ. ಮುಂದಿನ ಬಾರಿ ಆ ವೃತ್ತದಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಾಗ ಮಕ್ಕಳಿಗೆ ಈ ಕತೆಯನ್ನು ಹೇಳಿರಿ.

ಅಕ್ಕಿ ಒಂದೇ, ರೂಪ ನೂರು

ಗುರುಮಠದ ಊಟದ ಮನೆಯಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಅನ್ನ. ನಾವು ಮನೆಯಲ್ಲಿ ಉಣ್ಣುತ್ತಿದ್ದ ಬಿಳಿಯ ಅನ್ನಕ್ಕೆ ಬದಲಾಗಿ ಕೆಂಬಣ್ಣದ, ದಪ್ಪ ಅಗುಳಿನ ಅನ್ನ. ಅದು ಕುಚ್ಚಲಕ್ಕಿ. ಭತ್ತವನ್ನು ಸಿಪ್ಪೆಯೊಂದಿಗೆ ಬೇಯಿಸಿ, ಒಣಗಿಸಿ, ಅನಂತರ ಅಕ್ಕಿ ಮಾಡುತ್ತಾರೆ. ಹೀಗೆ ಬೇಯಿಸುವಾಗ ತೌಡಿನಲ್ಲಿರುವ ಸತ್ವದ ಒಂದಂಶ ಕಾಳಿನೊಳಕ್ಕೇ ಇಳಿಯುವುದರಿಂದ ಇದು ಹೊಟ್ಟೆಗೂ ಹಿತ, ಮೈಗೂ ಬಲ. ಬೆಳಗ್ಗೆ ಅದರ ಗಂಜಿ, ಜೊತೆಗೆ ಒಂದು ತುಂಡು ಉಪ್ಪಿನಕಾಯಿ ಅಥವಾ ಸುಟ್ಟ ಒಣಮೀನಿನ ಚಟ್ನಿ. ಮಳೆಗಾಲದಲ್ಲಿ ಅದಕ್ಕಿಂತ ರುಚಿಯಾದ ಉಪಾಹಾರವನ್ನು ನಾನಿನ್ನೂ ಕಂಡಿಲ್ಲ.

ಕರಾವಳಿಯ ತಾಯಂದಿರು ಅಕ್ಕಿಯೊಂದರಿಂದ ಏನೆಲ್ಲ ಮಾಡಬಲ್ಲರೆಂಬುದು ಅಚ್ಚರಿಯ ವಿಷಯ. ಬೆಳ್ತಿಗೆ ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದು, ನೀರಿನಂತೆ ತೆಳ್ಳಗೆ ಮಾಡಿ, ಕಾದ ಕಾವಲಿಗೆ ಹೊಯ್ದು ಮುಚ್ಚಿದರೆ ನೀರುದೋಸೆ. ಹುಳಿ ಬರಿಸುವ ಗೋಜಿಲ್ಲ. ನೆಂಟರು ಬಾಗಿಲಿಗೆ ಬಂದ ಮೇಲೆಯೂ ಹುಯ್ದು ಬಡಿಸಬಹುದು. ಅಕ್ಕಿಯ ಹಿಟ್ಟನ್ನು ಹಾಳೆಯಷ್ಟು ತೆಳ್ಳಗೆ ಹರಡಿ ಗರಿಗರಿಯಾಗಿ ಕಾಯಿಸಿದರೆ ರೊಟ್ಟಿ. ಅದನ್ನು ಮುರಿದು, ಮೇಲೆ ತೆಂಗಿನಕಾಯಿ ಅರೆದು ಮಾಡಿದ ಕೋಳಿ ಗಸಿಯನ್ನು ಸುರಿದರೆ ಕೋರಿ ರೊಟ್ಟಿ. ಕೆಸುವಿನ ಎಲೆಗೆ ಅಕ್ಕಿ, ಹುಣಸೆ, ಮೆಣಸು, ಬೆಲ್ಲದ ಹಿಟ್ಟನ್ನು ಸವರಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಕೆಸುವಿನ ಎಲೆ ಹಾಗೆಯೇ ತಿಂದರೆ ಗಂಟಲು ತುರಿಸುತ್ತದೆ. ಹುಣಸೆಯ ಹುಳಿ ಬಿದ್ದರೆ ತುರಿಕೆ ಅಡಗುತ್ತದೆ. ಈ ರಹಸ್ಯವನ್ನು ಕಂಡುಹಿಡಿದ ಅಜ್ಜಿಯ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಪತ್ರೊಡೆಯ ಕಾಲವೇ ಆಟಿ ತಿಂಗಳು. ಮಳೆ ಹಗಲಿರುಳು ಸುರಿಯುವ, ಕಡಲು ಮುನಿದುಕೊಳ್ಳುವ ಕಾಲವದು. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಬೆಳೆಯಲೆಂದೇ ಆ ನಿಷೇಧ. ಹಿಂದಿನವರಿಗೆ ಆಟಿಯೆಂದರೆ ಕೊರತೆಯ ತಿಂಗಳು. ಮನೆಯ ಹಿತ್ತಲಲ್ಲಿ ಬೆಳೆದ ಕೆಸುವು, ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಗಿಸಿಟ್ಟ ಮೀನು, ಇವುಗಳಲ್ಲೇ ಸಂಸಾರ ಸಾಗುತ್ತಿತ್ತು. ಇಂದು ನಾವು ವಿಶೇಷ ತಿನಿಸೆಂದು ಹೋಟೆಲಿನಲ್ಲಿ ಹಣ ತೆತ್ತು ತಿನ್ನುವ ಪದಾರ್ಥಗಳಲ್ಲಿ ಹಲವು ಅಂದು ಬಡತನದಲ್ಲಿ ಹುಟ್ಟಿದವು. ಸಂಜೆಯ ಚಹಾದೊಡನೆ ನೀವು ಮೆಚ್ಚಿ ತಿನ್ನುವ ಮಂಗಳೂರು ಬನ್ಸ್ ಕೂಡ ಅತಿಯಾಗಿ ಹಣ್ಣಾದ ಬಾಳೆಹಣ್ಣನ್ನು ಎಸೆಯದೆ ಮೈದಾದೊಂದಿಗೆ ಕಲಸಿ ಕರಿದದ್ದು. ಐದು ರೊಟ್ಟಿಯ ಅದ್ಭುತವಾದ ಮೇಲೆ ಉಳಿದ ತುಣುಕುಗಳನ್ನೂ ಕೂಡಿಡಿರೆಂದು ಶಿಷ್ಯರಿಗೆ ಹೇಳಿದ ಪ್ರಭುವಿನ ಮನಸ್ಸು ಈ ಅಡುಗೆಮನೆಗಳಿಗೆ ಚೆನ್ನಾಗಿ ತಿಳಿದಿತ್ತೆಂದು ನನಗೆ ಅನಿಸುತ್ತದೆ.

ಕಡಲು ತಂದದ್ದು

ರೊಸಾರಿಯೊ ಪ್ರಧಾನಾಲಯದಿಂದ ಸ್ವಲ್ಪ ದೂರ ನಡೆದರೆ ಹಳೆಯ ಬಂದರು. ಕಿರಿದಾದ ಬೀದಿಗಳು, ಮೆಣಸು, ಅಡಿಕೆ, ಒಣಮೀನುಗಳ ಮಿಶ್ರ ಪರಿಮಳ. ಮರದ ಕೆತ್ತನೆಗೆ ಹೆಸರಾದ ಝೀನತ್ ಬಕ್ಷ್ ಮಸೀದಿ ಅಲ್ಲೇ ಇದೆ. ಭಾರತದ ಅತಿ ಪುರಾತನ ಮಸೀದಿಗಳಲ್ಲಿ ಅದೊಂದೆಂದು ಎಣಿಸಲಾಗುತ್ತದೆ. ಅರಬ್ಬಿ ಕಡಲಿನ ಆಚೆಯ ವರ್ತಕರು ಶತಮಾನಗಳ ಕಾಲ ಈ ದಡಕ್ಕೆ ಬಂದು ಹೋಗುತ್ತಿದ್ದರು.

ಅವರಲ್ಲಿ ಒಬ್ಬರ ಪತ್ರಗಳು ಅದೃಷ್ಟವಶಾತ್ ಉಳಿದುಬಂದಿವೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಏಡನ್ನಿನ ವರ್ತಕಮಿತ್ರರು ಅವನಿಗೆ ಬರೆದ ಪತ್ರಗಳು ಈಜಿಪ್ಟಿನ ಕೈರೋ ನಗರದ ಪುರಾತನ ಸಿನಗಾಗೊಂದರಲ್ಲಿ ದೊರೆತವು. ಮೆಣಸಿನ ಲೆಕ್ಕಾಚಾರದ ನಡುವೆಯೇ ಆ ಮಿತ್ರರು ಮನೆಬಳಕೆಗೆಂದು ಸಕ್ಕರೆ, ಒಣದ್ರಾಕ್ಷಿ, ಕಾಗದ ಮೊದಲಾದವನ್ನು ಕಾಣಿಕೆಯಾಗಿ ಕಳುಹಿಸಿದ ವಿವರಗಳು ಅವುಗಳಲ್ಲಿವೆ. ಬೆನ್ ಯಿಜುವಿನ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ತುಳುನಾಡಿನ ಬೊಮ್ಮ ಎಂಬವನಿಗೂ ಅವರು ಮರೆಯದೆ ವಂದನೆ ತಿಳಿಸುತ್ತಿದ್ದರು. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥವೊಂದರಿಂದಾಗಿ ಈ ಬೊಮ್ಮನ ಹೆಸರು ಲೋಕಕ್ಕೆ ತಿಳಿಯಿತು. ಎಂಟುನೂರು ವರ್ಷಗಳಿಗೂ ಹಿಂದೆ ಯೆಹೂದಿಯೊಬ್ಬ, ಅವನ ತುಳು ಸಹಾಯಕನೊಬ್ಬ, ಕಡಲಾಚೆಯಿಂದ ಬಂದ ಒಣದ್ರಾಕ್ಷಿ! ಪರಸ್ಪರ ತಿನಿಸು ಕಳುಹಿಸುವ ಪದ್ಧತಿ ಈ ಊರಿಗೆ ಇಂದು ನಿನ್ನೆಯದಲ್ಲ.

ಆಮೇಲೆ ಬಂದವರು ಪೋರ್ಚುಗೀಸರು. ಅಮೆರಿಕ ಖಂಡದ ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ, ಪೇರಳೆಗಳು ಅವರ ಹಡಗುಗಳ ಮೂಲಕ ನಮ್ಮ ಕರಾವಳಿಯನ್ನು ತಲಪಿದವು. ಪಪ್ಪಾಯಿಗೆ ನಾವು ಘಟ್ಟದ ಮೇಲೆ ‘ಪರಂಗಿ ಹಣ್ಣು’ ಎನ್ನುವುದು ಆ ಕಾರಣದಿಂದಲೇ. ಕೆಂಪು ಮೆಣಸಿಲ್ಲದ ಮೀನಿನ ಪದಾರ್ಥವನ್ನು ಇಂದು ಊಹಿಸಬಹುದೇ? ‘ನಮ್ಮ ಅಡುಗೆಗೆ ಹೊರಗಿನದೇನೂ ಬೇಡ’ ಎಂದು ಯಾರಾದರೂ ಹಟ ಹಿಡಿದರೆ ಬಂಗುಡೆಯ ಪುಳಿಮುಂಚಿಯಿಂದ ಮೆಣಸನ್ನೇ ತೆಗೆದು ಹಾಕಬೇಕಾದೀತು.

ಕಲ್ಲುಗಳ ನಡುವೆ ಒಂದು ನಡಿಗೆ

ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ, ಜಪಮಾಲೆ ಮಾತೆಯ ಮೊದಲ ದೇವಾಲಯ ಇಲ್ಲಿ ನಿರ್ಮಾಣವಾಯಿತು. ಮುಂದೆ ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರಿಗೆ ಕೆಳದಿಯ ಅರಸರು ನೆಲೆ ನೀಡಿದರು, ಸಾಗುವಳಿಗೆ ಭೂಮಿ ಕೊಟ್ಟರು. ಅಂದರೆ ನಮ್ಮ ಜನರು ಇಲ್ಲಿ ಮೊದಲು ಉಂಡದ್ದು ಬೇರೆಯವರು ಕೊಟ್ಟ ನೆಲದಲ್ಲಿ ಬೆಳೆದ ಅನ್ನವನ್ನೇ. ಹಂಪನಕಟ್ಟೆಯ ಮಿಲಾಗ್ರಿಸ್ ದೇವಾಲಯವು 1680ರಲ್ಲಿ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಂದ ಸ್ಥಾಪಿತವಾಯಿತು.

ಬೋಳೂರಿನಲ್ಲಿ ಗುರುಪುರ ನದಿಯ ದಡದ ಮೇಲೆ ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ಕರಿಗಲ್ಲಿನ ಕಾವಲುಗೋಪುರವಿದೆ. ಅದೇ ಸುಲ್ತಾನ್ ಬತ್ತೇರಿ. ಅದೇ 1784ರಲ್ಲಿ ಮಿಲಾಗ್ರಿಸ್ ದೇವಾಲಯ ನೆಲಸಮವಾಯಿತು. ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟರು. 1799ರವರೆಗೆ ಆ ಸೆರೆವಾಸ ಮುಂದುವರಿಯಿತು. ಹಿಂದಿರುಗಿದವರು ಕೆಲವರು, ಹಿಂದಿರುಗದೆ ಹೋದವರು ಹಲವರು. ಇದು ಮರೆಮಾಚಬೇಕಾದ ಸಂಗತಿಯಲ್ಲ. ಅಂತೆಯೇ ಇಂದಿನ ನೆರೆಯವರ ಮೇಲೆ ಹೊರಿಸಬೇಕಾದ ಋಣವೂ ಅಲ್ಲ. ಬತ್ತೇರಿಯ ಮೆಟ್ಟಿಲೇರಿ ನಿಂತು ತಣ್ಣೀರುಬಾವಿಯ ಕಡೆಗೆ ನೋಡಿದಾಗಲೆಲ್ಲ ನಾನು ಇದನ್ನೇ ಯೋಚಿಸುತ್ತೇನೆ. ಸೆರೆಯಿಂದ ಮರಳಿ ಬಂದ ಆ ಹಿರಿಯರು ಇದೇ ಊರಿನಲ್ಲಿ, ಇದೇ ಜನರ ನಡುವೆ ಮತ್ತೆ ಒಲೆ ಹಚ್ಚಿದರು. ದ್ವೇಷವನ್ನೇ ಅಡುಗೆ ಮಾಡಿಕೊಂಡಿದ್ದರೆ ಅವರ ಮಕ್ಕಳು ಬದುಕಿ ಬಾಳುತ್ತಿರಲಿಲ್ಲ.

ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿಯೊಂದಿದೆ. ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ತಿಳಿಸುತ್ತದೆ. ಬೌದ್ಧ ವಿಹಾರದ ನೆನಪನ್ನು ಹೊತ್ತ ಆ ಮೂರ್ತಿ ಇಂದು ಶಿವಾಲಯದಲ್ಲಿ ಪೂಜೆಗೊಳ್ಳುತ್ತಿದೆ. ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವನ್ನು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದರು. ಇತರ ದೇವಸ್ಥಾನಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ ಬಿಲ್ಲವ ಸಮಾಜದವರು ಕಟ್ಟಿಕೊಂಡ ಆಲಯವದು.

ಇಲ್ಲಿ ಒಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. ನಮ್ಮ ಮದುವೆಯ ಊಟಗಳಲ್ಲಿ ಹಂದಿಮಾಂಸದ ಬಾಫಾತಿನೊಡನೆ ಬಡಿಸುವ ‘ಸಾನ್ನಾಂ’ ಹೂವಿನಂತೆ ಉಬ್ಬುವುದಕ್ಕೆ ಕಾರಣ, ಅಕ್ಕಿ ಮತ್ತು ಉದ್ದಿನ ಹಿಟ್ಟಿಗೆ ಬೆರೆಸುತ್ತಿದ್ದ ಶೇಂದಿ. ಆ ಶೇಂದಿಯನ್ನು ನಸುಕಿನಲ್ಲಿ ತಾಳೆಯ, ತೆಂಗಿನ ಮರ ಹತ್ತಿ ಇಳಿಸಿ ತರುತ್ತಿದ್ದವರು ಹೆಚ್ಚಾಗಿ ಬಿಲ್ಲವ ಮೂರ್ತೆದಾರರು. ಊಟಕ್ಕೆ ಮೀನು ತಂದವರು ಮೊಗವೀರ ತಾಯಂದಿರು. ಅದೇ ಅಕ್ಕಿ ಮತ್ತು ಉದ್ದಿನ ಹಿಟ್ಟು ಅಷ್ಟಮಿಯಂದು ನೆರೆಮನೆಯಲ್ಲಿ ಎಲೆಯ ಕೊಳವೆಯೊಳಗೆ ಬೆಂದರೆ ಮೂಡೆ. ಹಲಸಿನೆಲೆಯ ಕೊಟ್ಟೆಯೊಳಗೆ ಬೆಂದರೆ ಕೊಟ್ಟೆ ಕಡುಬು. ‘ಇದು ನಮ್ಮದು, ಅದು ಅವರದು’ ಎಂದು ಗೆರೆ ಎಳೆಯಲು ಹೊರಟರೆ ಹಬ್ಬದ ಎಲೆಯ ಮೇಲೆ ಯಾರಿಗೂ ಏನೂ ಉಳಿಯದು.

ಇನ್ನು ಮನೆಗಳ ಮಾತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅವರ ಮುದ್ರಣಾಲಯದಿಂದಲೇ ಹೊರಬಂತು. 1865ರಲ್ಲಿ ಅವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು ನದಿಯ ಜೇಡಿಮಣ್ಣಿನಿಂದ ಹೆಂಚು ತಯಾರಿಸತೊಡಗಿದರು. ಆ ಕೆಂಪು ಹೆಂಚು ದೇವಾಲಯ, ದೇವಸ್ಥಾನ, ಮಸೀದಿ, ಬಡವನ ಮನೆ ಎಂದು ಭೇದವೆಣಿಸದೆ ಎಲ್ಲವನ್ನೂ ಮಳೆಯಿಂದ ಕಾಯಿತು.

ನೀವೆಲ್ಲರೂ ನೋಡಿ ಬರುವ ಅಲೋಶಿಯಸ್ ಪ್ರಾರ್ಥನಾಲಯವೂ ಹಂಚಿಕೆಯ ಕತೆಯೇ. ಇಟಲಿಯ ಬೆರ್ಗಮೊ ಪ್ರದೇಶದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಅವರು 1899ರಿಂದ 1901ರ ನಡುವೆ ಆ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಚಿತ್ರಗಳಿಂದ ತುಂಬಿಸಿದರು. ಅವರು ತಮ್ಮ ಊರಿಗೆ ಹಿಂದಿರುಗಲಿಲ್ಲ; 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ತಮ್ಮಲ್ಲಿದ್ದ ಅತ್ಯುತ್ತಮವಾದುದನ್ನು ಪರವೂರಿನ ಗೋಡೆಯ ಮೇಲೆ ಬಿಟ್ಟುಹೋದರು.

ಹೊಸ ಅಕ್ಕಿಯ ದಿನ

ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಮಂಗಳೂರಿನ ಕಥೋಲಿಕರು ‘ಮೊಂತಿ ಫೆಸ್ತ್’ ಆಚರಿಸುತ್ತಾರೆ. ಒಂಬತ್ತು ದಿನ ಮಕ್ಕಳು ಹೂವುಗಳನ್ನು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ತೆನೆಯ ಕಾಳನ್ನು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಅಂದಿನ ಊಟ ಬಾಳೆಯೆಲೆಯ ಮೇಲೆ, ಸಂಪೂರ್ಣ ಸಸ್ಯಾಹಾರ. ಹರಿವೆ, ಕೆಸುವಿನ ದಂಟು, ಅಂಬಟೆಕಾಯಿ, ಬೆಂಡೆ, ಹೀರೆ, ಹೀಗೆ ಹಿತ್ತಲಿನ ತರಕಾರಿಗಳೆಲ್ಲ ಎಲೆಯನ್ನು ಅಲಂಕರಿಸುತ್ತವೆ. ಮೀನು ಮಾಂಸಗಳನ್ನು ಇಷ್ಟು ಪ್ರೀತಿಸುವ ಜನರು ತಮ್ಮ ಮಹಾಹಬ್ಬದಂದು ಅವುಗಳನ್ನು ಬದಿಗಿಟ್ಟು ಮಣ್ಣಿನ ಫಲಕ್ಕೆ ತಲೆಬಾಗುವುದು ನನಗೆ ಬಹಳ ಅರ್ಥಪೂರ್ಣವೆನಿಸುತ್ತದೆ.

ಈ ಹಬ್ಬವನ್ನು 18ನೇ ಶತಮಾನದಲ್ಲಿ ಫರಂಗಿಪೇಟೆಯ ಮೊಂತಿ ಮರಿಯಾನೊ ದೇವಾಲಯದಲ್ಲಿ ಗುರು ಜೋಕಿಂ ಮಿರಾಂದ ಅವರು ಆರಂಭಿಸಿದರೆಂದು ಸಂಪ್ರದಾಯ ಹೇಳುತ್ತದೆ. ಆದರೆ ಹೊಸ ತೆನೆಯನ್ನು ಮನೆತುಂಬಿಸಿ, ಹೊಸ ಅಕ್ಕಿಯ ಊಟ ಮಾಡುವ ಪದ್ಧತಿ ತುಳುನಾಡಿನ ಎಲ್ಲ ಕೃಷಿಕರದು. ತುಳುವರಿಗೆ ಅದು ‘ಪುದ್ದರ್’, ಕುಂದಾಪುರದ ಕಡೆ ‘ಹೊಸ್ತು’. ಸುವಾರ್ತೆಯು ಒಂದು ನೆಲಕ್ಕೆ ಬಂದಾಗ ಆ ನೆಲದ ಕೃತಜ್ಞತೆಯನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂದು ದೈವಶಾಸ್ತ್ರದ ತರಗತಿಯಲ್ಲಿ ನಮಗೆ ಬೋಧಿಸುತ್ತಿದ್ದರು. ಅದರ ಅರ್ಥ ನನಗೆ ಸ್ಪಷ್ಟವಾದದ್ದು ಆ ತೆನೆಯನ್ನು ಕೈಯಲ್ಲಿ ಹಿಡಿದಾಗ.

ಹೆಸರು ಕೆತ್ತಿದ ತಟ್ಟೆ

ಗುರುಮಠದ ದಿನಗಳಲ್ಲಿ ಭಾನುವಾರದ ಪಾಲನಾಸೇವೆಗೆಂದು ನಾನು ಹೋಗುತ್ತಿದ್ದ ಓಣಿಯೊಂದರಲ್ಲಿ ಮೂರು ಹೆಂಚಿನ ಮನೆಗಳು ಅಕ್ಕಪಕ್ಕದಲ್ಲಿದ್ದವು. ಒಂದು ನಮ್ಮ ಕಥೋಲಿಕ ತಾಯಿಯೊಬ್ಬರದು, ಇನ್ನೊಂದು ತುಳು ಮನೆತನದ್ದು, ಮೂರನೆಯದು ಬ್ಯಾರಿ ಕುಟುಂಬದ್ದು. ನಡುವೆ ಮೊಣಕಾಲೆತ್ತರದ ಮುರಕಲ್ಲಿನ ಪಾಗಾರ. ಕ್ರಿಸ್ತಜಯಂತಿಗೆ ಹದಿನೈದು ದಿನ ಮೊದಲೇ ಆ ತಾಯಿಯ ಮನೆಯಲ್ಲಿ ‘ಕುಸ್ವಾರ್’ ಸಿದ್ಧತೆ ಆರಂಭವಾಗುತ್ತಿತ್ತು. ಎಳ್ಳು, ತೆಂಗಿನಕಾಯಿ, ಸಕ್ಕರೆಯ ಹೂರಣ ತುಂಬಿದ ನೆವ್ರಿ, ಸಣ್ಣ ಚಿಪ್ಪಿನಂತಹ ಕಿಡಿಯೊ, ಅಕ್ಕಿಹಿಟ್ಟಿನ ಗುಳಿಯೊ, ಹೂವಿನಾಕಾರದ ಕೊಕ್ಕಿಸಾಂ, ಪೇರಳೆಹಣ್ಣಿನ ಪೆರಾದ್, ಚಕ್ಕುಲಿ, ಲಾಡು. ನೆರೆಮನೆಯ ಹೆಣ್ಣುಮಕ್ಕಳೂ ಕುಳಿತು ಕಿಡಿಯೊ ಮಡಚುತ್ತಿದ್ದರು. ‘ಬಾಯಮ್ಮಾ, ಎಣ್ಣೆ ಕಾಯ್ತು’ ಎಂದು ಅಡುಗೆಮನೆಯಿಂದ ಕೂಗುತ್ತಿದ್ದವಳು ಪಕ್ಕದ ಮನೆಯ ತುಳು ಹುಡುಗಿ. ಹಬ್ಬದ ದಿನ ಕಸೂತಿಯ ಬಟ್ಟೆ ಹೊದಿಸಿದ ತಟ್ಟೆಗಳು ಪಾಗಾರ ದಾಟಿ ಎರಡೂ ಮನೆಗಳಿಗೆ ಹೋಗುತ್ತಿದ್ದವು.

ಅಷ್ಟಮಿಗೆ ಮೂಡೆ, ದೀಪಾವಳಿಗೆ ಹೋಳಿಗೆ, ಈದ್ ಹಬ್ಬಕ್ಕೆ ಅಕ್ಕಿಯ ಪತ್ತಿರ್ ಮತ್ತು ಪಾಯಸ ಇತ್ತ ಬರುತ್ತಿದ್ದವು. ಒಮ್ಮೆ ಆ ತಾಯಿ ಪಕ್ಕದ ಮನೆಯ ತಟ್ಟೆಯನ್ನು ತೊಳೆದು ಒರೆಸಿ, ಡಬ್ಬದಲ್ಲಿ ತಡಕಾಡಿ, ಕೊನೆಗೆ ಒಂದು ಹಿಡಿ ಸಕ್ಕರೆಯನ್ನು ಅದಕ್ಕೆ ಹಾಕುವುದನ್ನು ಕಂಡೆ. ನಾನು ನೋಡುತ್ತಿದ್ದುದನ್ನು ಗಮನಿಸಿ ಅವರೇ ಹೇಳಿದರು: ‘ಪ್ಲೇಟು ಖಾಲಿ ಕೊಡ್ಲಿಕ್ಕಿಲ್ಲ ಬ್ರದರ್. ಏನೂ ಇಲ್ಲದಿದ್ರೆ ಒಂದು ಮುಷ್ಟಿ ಸಕ್ಕರೆ ಆದ್ರೂ ಹಾಕ್ಬೇಕು.’

ಹಲವು ವರ್ಷಗಳ ತರುವಾಯ ನಾನು ಅವರನ್ನು ಕಾಣಲು ಹೋದಾಗ ಆ ಮೂರು ಮನೆಗಳೂ ಇರಲಿಲ್ಲ. ಅಲ್ಲಿ ಏಳು ಅಂತ ಸ್ತಿನ ವಸತಿ ಸಮುಚ್ಚಯ ಎದ್ದಿತ್ತು. ಮಕ್ಕಳು ಕೊಲ್ಲಿ ರಾಷ್ಟ್ರದಲ್ಲಿ. ತಾಯಿ ನಾಲ್ಕನೆಯ ಮಹಡಿಯಲ್ಲಿ ಒಬ್ಬರೇ. ಮೇಜಿನ ಮೇಲೆ ಬೇಕರಿಯಿಂದ ತರಿಸಿದ ಕುಸ್ವಾರಿನ ಪೆಟ್ಟಿಗೆ ಇತ್ತು. ಕೈಗಳಲ್ಲಿ ಈಗ ಹಿಟ್ಟು ನಾದುವ ಶಕ್ತಿಯಿಲ್ಲವೆಂದರು. ಮಾತಿನ ನಡುವೆ ಎದ್ದು ಕಪಾಟಿನಿಂದ ಸ್ಟೀಲಿನ ತಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟರು. ಅದರ ಅಂಚಿನಲ್ಲಿ ಬ್ಯಾರಿ ಮನೆಯ ಯಜಮಾನರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಲಾಗಿತ್ತು. ಕೊನೆಯ ಈದ್ ಹಬ್ಬಕ್ಕೆ ಬಂದ ತಟ್ಟೆಯದು. ಹಿಂದಿರುಗಿಸುವ ಮೊದಲೇ ಮನೆಗಳು ಮಾರಾಟವಾಗಿ, ಆ ಕುಟುಂಬ ನೇತ್ರಾವತಿಯ ಆಚೆಗೆ ಹೋಗಿ ನೆಲೆಸಿತ್ತು. ‘ಯಾರಾದ್ರೂ ಆ ಕಡೆ ಹೋಗುವವರಿದ್ರೆ ಕೊಟ್ಟು ಕಳಿಸಬಹುದಲ್ಲ?’ ಎಂದೆ. ಅವರು ತಲೆಯಾಡಿಸಿದರು: ‘ಖಾಲಿ ಹೇಗೆ ಕಳಿಸುವುದು ಬ್ರದರ್? ಬೇಕರಿಯದ್ದು ಹಾಕಿದ್ರೆ ಅವರಿಗೆ ಗೊತ್ತಾಗ್ತದೆ.’ ನಾನು ಗುರುದೀಕ್ಷೆ ಪಡೆದು ಎಷ್ಟೋ ವರ್ಷಗಳಾಗಿದ್ದರೂ ಅವರಿಗೆ ನಾನಿನ್ನೂ ‘ಬ್ರದರ್’.

ವಾಚಕರೇ, ಆ ತಟ್ಟೆ ನನ್ನನ್ನು ಬಹಳವಾಗಿ ಕಾಡಿದೆ. ಯಾರೂ ಜಗಳವಾಡಲಿಲ್ಲ, ಯಾರೂ ಮನೆಯ ಬಾಗಿಲು ಮುಚ್ಚಲಿಲ್ಲ. ಆದರೂ ಒಂದು ಸಂಬಂಧ ಕಪಾಟಿನೊಳಗೆ ಹೋಗಿ ಕುಳಿತಿತು. ಮಂಗಳೂರು ಕಲಹದ ದಿನಗಳನ್ನೂ ಕಂಡಿದೆ. 2008ರ ಸೆಪ್ಟೆಂಬರಿನಲ್ಲಿ ನಮ್ಮ ಪ್ರಾರ್ಥನಾಸ್ಥಳಗಳ ಮೇಲೆ ದಾಳಿ ನಡೆದ ನೋವು ಇನ್ನೂ ಪೂರ್ಣವಾಗಿ ಮಾಯ್ದಿಲ್ಲ. ಇತರ ಸಮುದಾಯಗಳವರಿಗೂ ಅವರವರ ಗಾಯಗಳಿವೆ. ಇಂತಹ ಗಾಯಗಳಾದಾಗ ಶಾಂತಿಸಭೆಗಳು ನಡೆಯುತ್ತವೆ, ಭಾಷಣಗಳಾಗುತ್ತವೆ. ಅವು ಬೇಕು. ಆದರೆ ಸುಳ್ಳು ಸುದ್ದಿಯೊಂದು ಓಣಿಗೆ ಬಂದಾಗ ‘ಅವರು ಅಂಥವರಲ್ಲ, ಅವರ ಮನೆಯಲ್ಲಿ ನಾನು ಉಂಡಿದ್ದೇನೆ’ ಎಂದು ಧೈರ್ಯದಿಂದ ಹೇಳಬಲ್ಲ ಒಬ್ಬ ನೆರೆಯವನಿಗೆ ಸಮನಾದ ಕಾವಲು ಬೇರೆ ಇಲ್ಲ. ಆ ಮಾತನ್ನು ಹೇಳಬೇಕಾದರೆ ಅವನು ನಿಜವಾಗಿಯೂ ಅಲ್ಲಿ ಉಂಡಿರಬೇಕಲ್ಲವೇ?

ಮುರಕಲ್ಲಿನ ಪಾಗಾರ ಮೊಣಕಾಲೆತ್ತರವಿದ್ದಾಗ ತಟ್ಟೆ ದಾಟುವುದು ಸುಲಭವಾಗಿತ್ತು. ಇಂದು ನಮ್ಮ ಬಾಗಿಲುಗಳಿಗೆ ಕಬ್ಬಿಣದ ಗೇಟು, ಗೇಟಿಗೆ ಕಾವಲುಗಾರ, ಒಳಗೆ ಬರಲು ಸಹಿ ಮಾಡುವ ಪುಸ್ತಕ. ಹಬ್ಬದ ಶುಭಾಶಯವನ್ನು ಮೊಬೈಲಿನಲ್ಲಿ ನೂರು ಜನರಿಗೆ ಒಮ್ಮೆಗೇ ಕಳುಹಿಸುತ್ತೇವೆ. ಎದುರು ಮನೆಯವರ ಹೆಸರು ನಮಗೆ ತಿಳಿದಿರುವುದಿಲ್ಲ. ಇದು ಮಂಗಳೂರಿನ ಮಾತು ಮಾತ್ರವಲ್ಲ. ನಮ್ಮ ಘಟ್ಟದ ಮೇಲಿನ ಪಟ್ಟಣಗಳಲ್ಲೂ ಹೀಗೆಯೇ ಆಗುತ್ತಿದೆ.

ಹೋಗಿ ಬನ್ನಿ, ಕಲಿತು ಬನ್ನಿ

ಆದುದರಿಂದ ನೀವು ಮಂಗಳೂರಿಗೆ ಖಂಡಿತವಾಗಿಯೂ ಹೋಗಿರಿ. ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಮೊಸ್ಕೇನಿಯವರ ಚಿತ್ರಗಳ ಕೆಳಗೆ ಐದು ನಿಮಿಷ ಮೌನವಾಗಿ ಕುಳಿತುಕೊಳ್ಳಿರಿ. ರೊಸಾರಿಯೊದಿಂದ ಬಂದರಿನವರೆಗೆ ಕಾಲ್ನಡಿಗೆಯಲ್ಲಿ ಹೋಗಿ ದಕ್ಕೆಯಲ್ಲಿ ಮೀನು ಇಳಿಸುವವರ ದುಡಿಮೆಯನ್ನು ಮಕ್ಕಳಿಗೆ ತೋರಿಸಿರಿ. ಪುನರುತ್ಥಾನದ ತರುವಾಯ ಪ್ರಭು ಕಡಲ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ಇರುಳಿಡೀ ದುಡಿದು ಬಂದ ಶಿಷ್ಯರಿಗೆ ಬಡಿಸಿದ ಪ್ರಸಂಗವನ್ನು ಅಲ್ಲೇ ಅವರಿಗೆ ಹೇಳಿರಿ. ಬತ್ತೇರಿಯ ಮೇಲೆ ನಿಂತು ಚರಿತ್ರೆಯನ್ನು ಸತ್ಯವಾಗಿ, ದ್ವೇಷವಿಲ್ಲದೆ ವಿವರಿಸಿರಿ. ಕದ್ರಿ, ಕುದ್ರೋಳಿಗಳ ಮುಂದೆ ಹಾದುಹೋಗುವಾಗ ಅಲ್ಲಿ ಕೈಮುಗಿಯುವವರ ಭಕ್ತಿಗೆ ಮನದಲ್ಲೇ ಗೌರವ ಸಲ್ಲಿಸಿರಿ.

ಊಟಕ್ಕೆ ಕುಳಿತಾಗ ಮಾತ್ರ ಒಂದು ಅಭ್ಯಾಸ ಮಾಡಿಕೊಳ್ಳಿರಿ. ಎಲೆಯ ಮೇಲಿನ ಪ್ರತಿಯೊಂದು ಪದಾರ್ಥವೂ ಯಾರ ಕೈಯಿಂದ, ಯಾವ ನೆಲದಿಂದ ಬಂತೆಂದು ಮಕ್ಕಳನ್ನು ಕೇಳಿರಿ. ಮೆಣಸು ಎಲ್ಲಿಯದು, ತೆಂಗು ಯಾರು ಕೊಯ್ದದ್ದು, ಮೀನು ಯಾರು ಹಿಡಿದದ್ದು. ಊಟಕ್ಕೆ ಮೊದಲು ನಾವು ಮಾಡುವ ಪ್ರಾರ್ಥನೆಗೆ ಅದರಿಂದ ಹೊಸ ಅರ್ಥ ಬರುತ್ತದೆ.

ಮನೆಗೆ ಮರಳಿದ ಮೇಲೆ ನಿಮ್ಮ ಕಪಾಟನ್ನೊಮ್ಮೆ ತೆರೆದು ನೋಡಿರಿ. ಬೇರೆಯವರ ಹೆಸರು ಕೆತ್ತಿದ ತಟ್ಟೆಯೋ ಡಬ್ಬವೋ ಅಲ್ಲಿರಬಹುದು. ಬರುವ ಕ್ರಿಸ್ತಜಯಂತಿಗೆ ಕಾಯಬೇಕಿಲ್ಲ. ಈ ವಾರವೇ ಅದಕ್ಕೆ ಏನಾದರೂ ತುಂಬಿಸಿ, ನಿಮ್ಮ ಮಕ್ಕಳಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಕೊಟ್ಟು ಬನ್ನಿರಿ. ತಿನಿಸು ಮನೆಯಲ್ಲೇ ಮಾಡಿದ್ದಾದರೆ ಒಳ್ಳೆಯದು. ಆಗದಿದ್ದರೆ ಬೇಕರಿಯದ್ದೂ ಸಾಕು, ಅದೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಹೊಸ್ತಿಲಲ್ಲಿ ನಿಂತು ಆಡುವ ನಾಲ್ಕು ಮಾತುಗಳೇ ಮುಖ್ಯ.

ನಮ್ಮ ಮನೆಗಳ ಒಲೆಯನ್ನೂ ನೆರೆಮನೆಗಳ ಒಲೆಯನ್ನೂ ದಯಾಮಯನಾದ ದೇವರು ಆಶೀರ್ವದಿಸಲಿ.